ಕಾಲು ಮಡಚಿ ಕೂತವನ ಗಾದಿ

ಆಶ್ವಯುಜ ಶುದ್ಧ ಪಾಡ್ಯ, ಘಟಸ್ಥಾಪನೆಯ ದಿನ, ಬೆಳಿಗ್ಗೆ ಏಳು ಗಂಟೆ. ಹಾಜರಿದ್ದವರು ಮೂವರು: ನಾನು, ನನ್ನ ಅಣ್ಣ, ಅಣ್ಣನ ಮಗ. ಜಾಗ, ಪುಣೆಯ ಲಕ್ಷ್ಮೀ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿರುವ ನಮ್ಮ ಅಂಗಡಿ.

ಇಳಕಲ್ಲ ಸೀರೆ ಮತ್ತು ಕುಪ್ಪಸಕ್ಕೆಂದು ನೇಯುವ ಗುಳೇದಗುಡ್ಡದ ಖಣ ಬಿಟ್ಟು ನಾವು ಬೇರೆ ಮಾಲು ಇಡುವುದಿಲ್ಲ. ನವರಾತ್ರಿಯಲ್ಲಿ ದೇವಿಗೆ ಉಡಿ ತುಂಬಲಿಕ್ಕೆ ಖಣ ಬೇಕೇ ಬೇಕು. ಹಾಗಾಗಿ ನಮ್ಮ ತಂದೆ ಅಂಗಡಿಯ ವರ್ಷವನ್ನು ಯುಗಾದಿಯಿಂದಲ್ಲ, ದೀಪಾವಳಿಯಿಂದಲೂ ಅಲ್ಲ, ಘಟಸ್ಥಾಪನೆಯಿಂದ ಎಣಿಸುತ್ತಿದ್ದರು. ಅಂಗಡಿಯಲ್ಲಿ ಕೌಂಟರ್ ಇಲ್ಲ, ಗಿರಾಕಿಗೂ ಕುರ್ಚಿ ಇಲ್ಲ. ಗೋಡೆಯಿಂದ ಗೋಡೆಗೆ ಹತ್ತಿಯ ಗಾದಿ, ಅದರ ಮೇಲೆ ಬಿಳಿ ಹಾಸು. ಹೆಂಗಸರು ಚಪ್ಪಲಿ ಬಿಟ್ಟು ಮೇಲೆ ಬಂದು ನಮ್ಮೆದುರಿಗೆ ಕೂಡುತ್ತಾರೆ. ವರ್ಷಕ್ಕೊಮ್ಮೆ ಹತ್ತಿ ಹಿಂಜಿಸಿ, ಘಟಸ್ಥಾಪನೆಯ ಬೆಳಿಗ್ಗೆ ಗಾದಿಯನ್ನು ಹೊಸದಾಗಿ ಹಾಸುತ್ತೇವೆ. ಹೊಸದಾಗಿ ಹಾಸಿದ ಗಾದಿಯ ಮೇಲೆ ಮನೆಯವರಲ್ಲಿ ಯಾರು ಮೊದಲು ಕಾಲು ಮಡಚಿ ಕೂಡುತ್ತಾರೋ, ಮುಂದಿನ ಘಟಸ್ಥಾಪನೆಯವರೆಗೆ ಅಂಗಡಿ ಅವರ ಮಾತಿನಂತೆ ನಡೆಯುತ್ತದೆ. ಯಾವ ನೇಕಾರನ ಮಾಲು ಕೊಳ್ಳಬೇಕು, ಯಾವ ಗಿರಾಕಿಗೆ ಹೂಂ ಅನ್ನಬೇಕು, ಯಾರಿಗೆ ದಾರಿ ತೋರಿಸಬೇಕು, ಎಲ್ಲ ಅವರದು. ಉಳಿದವರು ಗಂಟು ಎತ್ತಬೇಕು, ಗಂಟು ಇಳಿಸಬೇಕು. ಇದು ತಂದೆ ಹಾಕಿದ ನಿಯಮ. ಕಾಲು ಚಾಚುವವನಿಗೆ ಗಾದಿ ಇಲ್ಲ. ಗಿರಾಕಿಯ ಮುಖಕ್ಕೆ ಅಂಗಾಲು ತೋರಿಸಿ ಯಾವ ವ್ಯಾಪಾರ ಆಗುತ್ತದೆ?

ಹತ್ತೊಂಬತ್ತು ವರ್ಷ ಆ ಗಾದಿಯ ಮೇಲೆ ಮೊದಲು ಕೂತವನು ನಾನು. ಈ ಸಲ ಮೂರೂವರೆ ತಿಂಗಳ ಹಿಂದೆ ರಿಪೇರಿ ಮಾಡಿಸಿದ ಬಲ ಮೊಣಕಾಲು ಹೊತ್ತುಕೊಂಡು, ಕೋಲು ಊರಿಕೊಂಡು ಗಾದಿಯ ಅಂಚಿಗೆ ನಿಂತಿದ್ದೆ. ಅಣ್ಣ ಹಿಂದಿನ ಕಪಾಟಿನ ಪಕ್ಕ, ತನ್ನ ಸ್ಟೀಲ್ ಸ್ಟೂಲಿನ ಮೇಲೆ ಇದ್ದ. ಅವನ ಮಗ ಹಾಸಿನ ಕೊನೆಯ ಸುಕ್ಕು ಎಳೆದು, ಕೈ ಜಾಡಿಸಿ, ಪಕ್ಕಕ್ಕೆ ಸರಿದು ನಿಂತ. ನಲವತ್ತು ದಾಟಿದ ಗಂಡಸು, ಮೊಣಕಾಲು ಎರಡೂ ಚೆನ್ನಾಗಿವೆ.

"ಕಾಕಾ, ನೀವು ಮೊದಲು," ಅಂದ.

"ಅವಸರ ಬ್ಯಾಡ," ಅಂದ ಅಣ್ಣ. "ರಾತ್ರಿತನಕ ಪಾಡ್ಯ ಅದ."

*

ಆ ಮೊಣಕಾಲು ಕೆಟ್ಟದ್ದು ಆ ಗಾದಿಯಿಂದಲೇ. ಇಳಕಲ್ಲ ಸೀರೆ ಬಿಚ್ಚಿ ತೋರಿಸುವ ಪದ್ಧತಿ ಒಂದಿದೆ. ಒಂದು ತುದಿಯನ್ನು ಬಲ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು ಉಳಿದದ್ದನ್ನು ಬೀಸಬೇಕು. ಸೆರಗು ಹೋಗಿ ಗಿರಾಕಿಯ ಮಡಿಲಲ್ಲಿ ಬೀಳಬೇಕು. ಮಡಿಲಿಗೆ ಬಿದ್ದ ಸೀರೆಯನ್ನು ಹೆಂಗಸು ಸುಮ್ಮನೆ ಎತ್ತಿ ಪಕ್ಕಕ್ಕಿಡುವುದಿಲ್ಲ. ಆಮೇಲೆ ಏಳಬೇಕು, ಮೇಲಿನ ಖಾನೆಯಿಂದ ಗಂಟು ತೆಗೆಯಬೇಕು, ಮತ್ತೆ ಅದೇ ಮೊಣಕಾಲಿನ ಮೇಲೆ ಬಂದು ಇಳಿಯಬೇಕು. ಇಡೀ ದಿನ, ಇಡೀ ಆಯುಷ್ಯ. ಹೋದ ಚಳಿಗಾಲದಲ್ಲಿ ಒಂದು ದಿನ ಹಾಗೆ ಇಳಿದಾಗ ಒಳಗೆ ಏನೋ ಕಟಕ್ಕೆಂದಿತು. ಬಾಗಿಲಿಗೆ ಬೆರಳು ಸಿಕ್ಕಹಾಗಾಯಿತು. ಎದುರಿಗಿದ್ದ ಹೆಂಗಸು "ಕಾಯ ಝಾಲಂ?" ಏನಾಯಿತು ಎಂದು ಕೇಳಿದಳು. ಏನಿಲ್ಲ ಅಂದೆ, ಸೀರೆ ಮಾರಿದೆ, ಗಂಟು ಕಟ್ಟಿದೆ. ಸಂಜೆಗೆ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು.

ಆಸ್ಪತ್ರೆಯ ಸರ್ಜನ್ ಮೊಣಕಾಲಿನ ಫೋಟೋ ದೀಪಕ್ಕೆ ಹಿಡಿದು ಮರಾಠಿಯಲ್ಲಿ ಹೇಳಿದರು, ಗಾದಿ ಸವೆದಿದೆ.

ನಾನು ಉತ್ತರ ಕೊಟ್ಟೆ, "ಪ್ರತಿವರ್ಷ ಹೊಸ ಹತ್ತಿ ತುಂಬಿಸ್ತೇವೆ."

ಸರ್ಜನ್ ಕನ್ನಡಕದ ಮೇಲಿನಿಂದ ನೋಡಿದರು. ನನ್ನ ಹೆಂಡತಿ ತಲೆ ತಗ್ಗಿಸಿ ಭುಜ ಕುಣಿಸಿ ನಗುತ್ತಿದ್ದಳು. ಪುಣೆಯಲ್ಲೇ ಹುಟ್ಟಿ ಬೆಳೆದವನಿಗೆ, ಎಲುಬುಗಳ ನಡುವಿನ ಮೆತ್ತನೆಯ ಪದರಕ್ಕೂ ಇಲ್ಲಿಯವರು ಗಾದಿ ಎನ್ನುತ್ತಾರೆಂದು ಗೊತ್ತಿಲ್ಲದೆ ಏನು? ಗೊತ್ತಿತ್ತು. ಆದರೆ ನನ್ನ ಕಿವಿಗೆ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ.

ಅವರು ಹೇಳಿದ್ದು ಇಷ್ಟು. ನನ್ನ ವಯಸ್ಸಿಗೆ ಸಾಮಾನ್ಯವಾಗಿ ಇಡೀ ಕೀಲನ್ನೇ ಬದಲಿಸುತ್ತಾರೆ, ಕೃತಕ ಮೊಣಕಾಲು ಕೂಡಿಸುತ್ತಾರೆ. ಬೇಗ ನಡೆಯಬಹುದು. ನೆಲದ ಮೇಲೆ ಕಾಲು ಮಡಚಿ ಕೂಡುವುದು ಮಾತ್ರ ಬಂದ್. ಇನ್ನೊಂದು ದಾರಿ ಇದೆ: ನನ್ನ ಕೀಲಿನ ಉಳಿದ ಭಾಗ ಚೆನ್ನಾಗಿದೆ, ಒಂದೇ ಕಡೆ ಗುಳಿ ಬಿದ್ದಿದೆ. ಅದೇ ಮೊಣಕಾಲಿನ ಭಾರ ಬೀಳದ ಮೂಲೆಯಿಂದ ಸಣ್ಣ ತುಂಡು ತೆಗೆದು ಗುಳಿಗೆ ಕೂಡಿಸಬಹುದು. ಚೇತರಿಕೆ ಉದ್ದ, ನೋವು ಹೆಚ್ಚು, ಹಿಡಿಯುತ್ತದೆ ಎಂಬ ಖಾತ್ರಿ ಇಲ್ಲ.

"ರಫೂ," ಅಂದೆ, ಹರಿದ ಸೀರೆಗೆ ಮಾಡಿಸುವಂಥದ್ದು.

"ಹೌದು, ರಫೂ," ಅಂದರು ಅವರು.

"ರಫೂನೇ ಮಾಡ್ರಿ."

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು, "ಏನ್ರಿ, ಗಾದಿಗಾಗಿ ಕಾಲು ಹರಕೋತೀರಿ?"

"ಮತ್ಯಾತಕ್ಕ ಇಟ್ಟೀನಿ ಕಾಲು?"

*

ಮದುವೆಯ ಸೀಸನ್ ಮುಗಿಸಿಕೊಂಡು ಆಪರೇಶನ್ ಮಾಡಿಸಿಕೊಂಡೆ. ಆಷಾಢದಲ್ಲಿ ಹೇಗೂ ಅಂಗಡಿಯಲ್ಲಿ ನೊಣ ಹೊಡೆಯುವುದೇ. ಕೋಥರೂಡದ ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಮಂಚಕ್ಕೆ ನನ್ನನ್ನು ಹಾಕಿದರು. ಕಾಲಿಗೆ ಭಾರ ಕೊಡಕೂಡದು. ಬಾಡಿಗೆಗೆ ಒಂದು ಯಂತ್ರ ಬಂತು. ಕಾಲನ್ನು ಅದರ ತೊಟ್ಟಿಲಲ್ಲಿ ಇಟ್ಟು ಪಟ್ಟಿ ಬಿಗಿದರೆ ಅದು ಗೊರಗೊರ ಎನ್ನುತ್ತ ಮೊಣಕಾಲನ್ನು ಮಡಚುತ್ತದೆ, ಬಿಚ್ಚುತ್ತದೆ, ಮಡಚುತ್ತದೆ. ನಿಲ್ಲಿಸು ಅಂದರೆ ಅದಕ್ಕೆ ಕಿವಿ ಇಲ್ಲ. ನನಗೆ ಅದು ಹಿಡಿಸಿತು. ಮನೆಯಲ್ಲಿ ನನ್ನಂತೆ ಕೆಲಸ ಮಾಡುವುದು ಅದೊಂದೇ ಇತ್ತು.

ಹೆಂಡತಿಗೂ ಹಿಡಿಸಿತು. ಮದುವೆಯಾದಂದಿನಿಂದ ಈ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತು ಮಾಡಿದವನು ನಾನು. ಏಳುವುದಕ್ಕೆ, ಸ್ನಾನಕ್ಕೆ, ತಾಟು ಹಾಕುವುದಕ್ಕೆ. ತಡವಾದರೆ ನಾನು ಊಟ ಬಿಟ್ಟು ಎದ್ದುಹೋಗುತ್ತಿದ್ದೆ, ಒಂದು ಸಲವೂ ದನಿ ಎತ್ತುತ್ತಿರಲಿಲ್ಲ. ಈಗ ಅವಳು ಆ ವೇಳಾಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ನೋವಿನ ಗುಳಿಗೆ ನುಂಗಿ ಅದು ಕೆಲಸ ಮಾಡುವ ಮೊದಲೇ ಬಕೀಟು ತಂದಿಟ್ಟು ನಿಲ್ಲುವಳು.

"ಏಳ್ರಿ. ಸ್ನಾನದ ಹೊತ್ತು."

"ಗುಳಗಿ ಇನ್ನೂ ಹತ್ತಿಲ್ಲ."

"ಗಡಿಯಾರ ಹತ್ತೇದಲ್ಲ."

ಹಾಗೆಂದು ಹೊದಿಕೆ ಎಳೆದುಬಿಡುವಳು. ಕಾಲನ್ನು ಮಂಚದಿಂದ ಇಳಿಸುವಾಗ ಅವಳ ಕೈ ಮೆತ್ತಗೂ ಇರಲಿಲ್ಲ, ಒರಟೂ ಇರಲಿಲ್ಲ. ತರಕಾರಿ ತೂಗುವವಳ ಕೈಯಂತೆ ಇತ್ತು. ಒಂದು ದಿನ ಊಟ ಅರ್ಧ ಗಂಟೆ ಮುಂದೆ ಹಾಕು, ಹಸಿವೆಯಾಗಿದೆ ಅಂದೆ. ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹೊತ್ತು ಆಗಲಿ. ಶಿಸ್ತು ಅಂದ್ರ ಶಿಸ್ತು," ಅಂದಳು. ತಾಟು ಸರಿಯಾದ ಹೊತ್ತಿಗೇ ಬಂತು. ನಾನು ಉಂಡೆ.

ಫಿಜಿಯೋಥೆರಪಿಗೆ ಬರುತ್ತಿದ್ದವಳು ಬೆಂಗಳೂರಿನ ಕಡೆಯ ಹುಡುಗಿ. ಗಂಡ ಕಂಪ್ಯೂಟರ್ ಕಂಪನಿಯಲ್ಲಿದ್ದಾನಂತೆ, ಅದಕ್ಕೆ ಪುಣೆಗೆ ಬಂದಿದ್ದಳು. ಸ್ಕೂಟರಿನ ಹೆಲ್ಮೆಟ್ಟನ್ನು ನನ್ನ ಹೊಟ್ಟೆಯ ಪಕ್ಕ ಮಂಚದ ಮೇಲೇ ಇಟ್ಟು ಅಂಗಿಯ ತೋಳು ಮೇಲೇರಿಸುವಳು. ನನ್ನನ್ನು ಅಂಕಲ್ ಎಂದು ಕರೆಯುತ್ತಿದ್ದಳು. ಹಾಗೆ ಕರೆಯಬೇಡ ಅಂದರೆ, "ಸರಿ ಅಂಕಲ್" ಅಂದಳು. ಮೊಣಕಾಲಿನ ಮೇಲೆ ಒಂದು ಕೈ, ಹರಡಿನ ಹತ್ತಿರ ಒಂದು ಕೈ ಇಟ್ಟು, ಮಾತಾಡುತ್ತ ಮಾತಾಡುತ್ತ ಮಡಚುವಳು. ಯಂತ್ರ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಅವಳದು ಶುರು.

"ನೋವಾಗ್ತಿದ್ಯಾ?"

"ಹೂಂ."

"ಆಗ್ಲೇಬೇಕು. ಉಸಿರು ಬಿಡಿ. ಕಿರುಚಬೇಕು ಅನ್ಸಿದ್ರೆ ಕಿರುಚಿ, ಪಕ್ಕದ ಮನೆಯವರಿಗೆ ನಾನು ಆಗ್ಲೇ ಹೇಳಿಬಿಟ್ಟಿದೀನಿ."

ನಾನು ಕಿರುಚಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆಯ ಒಂದು ಹಲ್ಲು ಅಲ್ಲಾಡತೊಡಗಿತು. ಅದನ್ನು ಹೇಳಿದರೆ ಅವಳು, "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ," ಅಂದಳು. ಹೆಂಡತಿ ಅವಳಿಗೆ ಚಹಾ ಕೊಡುತ್ತಿದ್ದಳು, ಜೊತೆಗೆ ಚಕ್ಕುಲಿ. ಇಬ್ಬರಿಗೂ ಒಳ್ಳೆ ಹೊಂದಿಕೆಯಾಯಿತು. ನನ್ನ ಕಾಲು ನಡುವೆ ಬಿದ್ದಿರುತ್ತಿತ್ತು, ಅವರಿಬ್ಬರೂ ಅದರ ಮೇಲಿನಿಂದ ಅಡುಗೆಯ ಮಾತಾಡುತ್ತಿದ್ದರು.

ಘಟಸ್ಥಾಪನೆಗೆ ನಾನು ಗಾದಿಯ ಮೇಲೆ ಕೂಡಬೇಕು ಎಂದು ಅವಳಿಗೆ ಮೊದಲ ದಿನವೇ ಹೇಳಿದ್ದೆ. ಅವಳು ಲೆಕ್ಕ ಹಾಕಿ ತಲೆ ಅಲ್ಲಾಡಿಸಿದ್ದಳು. "ಚಕ್ಕಳಮಕ್ಕಳ ಇಷ್ಟು ಬೇಗ ಆಗಲ್ಲ. ಡಾಕ್ಟರ್ ಒಪ್ಪಲ್ಲ. ತೇಪೆ ಇನ್ನೂ ಹಸಿ ಇರುತ್ತೆ." ನಾನು ಬಿಡಲಿಲ್ಲ. ಶ್ರಾವಣ ಕಳೆದ ಮೇಲೆ, ಕೋಲು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡತೊಡಗಿದಾಗ, ಮಂಚದ ಮೇಲೆ ಒಬ್ಬನೇ ಅಭ್ಯಾಸ ಶುರುಮಾಡಿದೆ. ಕಾಲನ್ನು ಕೈಯಿಂದ ಎತ್ತಿ ಒಳಗೆ ತಂದು ಇಟ್ಟುಕೊಳ್ಳುವುದು. ದಿನಕ್ಕಿಷ್ಟು. ಕೊನೆಗೊಂದು ದಿನ ಪೂರ್ತಿ ಕೂತೆ. ಆ ಹುಡುಗಿಯನ್ನು ಕರೆದು ತೋರಿಸಿದೆ.

ಅವಳು ಸುತ್ತ ಬಂದು ನೋಡಿದಳು. "ಚೆನ್ನಾಗಿ ಕೂತಿದೀರ," ಅಂದಳು. "ಈಗ ಏಳಿ."

ನನಗೆ ಏಳಲಾಗಲಿಲ್ಲ. ಹೆಂಡತಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದಳು.

"ಕೂರೋದು ಅರ್ಧ ಪಾಠ, ಅಂಕಲ್. ಏಳೋದಕ್ಕೆ ತೊಡೆಯಲ್ಲಿ ಶಕ್ತಿ ಬೇಕು. ಅದಕ್ಕೆ ಇನ್ನೂ ನಾಲ್ಕು ತಿಂಗಳು."

"ನಿಯಮದಾಗ ಕೂಡೂದು ಅಷ್ಟ ಅದ," ಅಂದೆ. "ಏಳೂದು ಇಲ್ಲ."

ಅವಳು ಹೆಲ್ಮೆಟ್ ಹಾಕಿಕೊಂಡಳು. "ಹಾಗಾದ್ರೆ ಕೂತೇ ಇರಿ."

*

ಅಣ್ಣ ನನ್ನನ್ನು ನೋಡಲು ಬಂದದ್ದು ಒಂದೇ ಸಲ, ಯಂತ್ರ ಇನ್ನೂ ಮನೆಯಲ್ಲಿದ್ದಾಗ. ಅವನನ್ನು ಬಿಟ್ಟು ಮಗ ವಾಹನ ನಿಲ್ಲಿಸಲು ಹೋದ. ಅಣ್ಣ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿದ. ಅವನ ಮೊಣಕಾಲುಗಳು ಕಟ್ಟಿಗೆಯಾಗಿ ಹತ್ತೊಂಬತ್ತು ವರ್ಷವಾಯಿತು.

ಆಗ ಗಾದಿ ಅವನದಾಗಿತ್ತು. ತಂದೆ ತೀರಿಕೊಂಡ ಮೇಲೆ ಪ್ರತಿ ಘಟಸ್ಥಾಪನೆಗೆ ಅವನೇ ಮೊದಲು ಕೂಡುತ್ತಿದ್ದ, ಹಿರಿಯನೆಂದು ನಾವೂ ಬಿಡುತ್ತಿದ್ದೆವು. ಆ ವರ್ಷ ಅವನು ಕೂಡಲು ಹೋಗಿ, ಅರ್ಧ ಬಗ್ಗಿ, ಒಂದು ಕಾಲನ್ನು ಚಾಚಿಯೇ ಕೂತ. ಅಂಗಾಲು ನೇರ ಬಾಗಿಲಿನ ಕಡೆ. ನಾನು ಪಕ್ಕದಲ್ಲಿ ಕಾಲು ಮಡಚಿ ಕೂತೆ. ನಿಯಮದ ಪ್ರಕಾರ ಮೊದಲು ಕೂತವನು ನಾನೇ ಆದೆ. ಅವನಿಗೆ ಏಳಲೂ ಆಗಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಅವನ ಮಗ ಎಬ್ಬಿಸಲು ಓಡಿ ಬಂದ. ನಾನು ತಡೆದೆ. "ಎಬ್ಬಸಬ್ಯಾಡ. ಏಳಲಿಕ್ಕೆ ಬರದಾಂವ ಕೂಡಬಾರದು," ಅಂದೆ. ಅಣ್ಣ ಉರುಳಿ, ಕಪಾಟು ಹಿಡಿದು, ತಾನೇ ಎದ್ದ. ಮರುದಿನ ನಾನು ಬೋಹರಿ ಆಳಿಯ ಕಬ್ಬಿಣದ ಅಂಗಡಿಯಿಂದ ಆ ಸ್ಟೀಲ್ ಸ್ಟೂಲು ತರಿಸಿ ಹಿಂದೆ ಹಾಕಿಸಿದೆ. ಅಂದಿನಿಂದ ಖಣ ಮಡಚಿ ಕಟ್ಟುವ ಕೆಲಸ ಅವನದು. ಅಂಗಡಿ ಒಂದು ದಿನವೂ ಕೆಡಲಿಲ್ಲ. ನಾನು ಮಾಡಿದ್ದು ಸರಿ ಇತ್ತು, ಈಗಲೂ ಹಾಗೇ ಅನ್ನುತ್ತೇನೆ.

ಅಣ್ಣ ಯಂತ್ರವನ್ನು ಬಹಳ ಹೊತ್ತು ನೋಡಿದ. ಅದು ನನ್ನ ಕಾಲನ್ನು ಮಡಚಿತು, ಬಿಚ್ಚಿತು.

"ಇದು ನನ್ನ ಕಾಲಕ್ಕ ಇರಲಿಲ್ಲೇನು?"

"ಇರಲಿಲ್ಲ."

"ಇದ್ದಿದ್ದರ ತರಸ್ತಿದ್ದೆ ಏನು ನನಗ?"

ನಾನು ವಿಚಾರ ಮಾಡಿದೆ. "ಇಲ್ಲ," ಅಂದೆ.

ಅವನು ಗಟ್ಟಿಯಾಗಿ ನಕ್ಕ. "ಖರೇ ಹೇಳ್ತಿ ನೋಡು. ಅದೊಂದು ಛಲೋ ಗುಣ ನಿಂದು." ಚಹಾ ಕುಡಿದ, ಬಸಿಯಲ್ಲಿ ಹಾಕಿಕೊಂಡು, ಸೊರ್ರೆಂದು. ಏಳುವಾಗ ಹೇಳಿದ, "ನನ್ನ ಮಗಾ ಗಾದಿ ಮ್ಯಾಲ ಭಾಳ ಛಂದ ಕಾಣ್ತಾನ. ನೀ ಘಟಸ್ಥಾಪನಾಕ್ಕ ಬರ್ತಿ?"

"ಬರ್ತೀನಿ."

"ನಡಕೋತ ಬರೋದಲ್ಲೋ ತಮ್ಮಾ. ಕೂಡ್ಲಿಕ್ಕೆ."

"ಕೂಡ್ಲಿಕ್ಕೇ."

*

ಪಾಡ್ಯದ ಆ ಬೆಳಿಗ್ಗೆ ನಾನು ಕೋಲನ್ನು ಕಪಾಟಿಗೆ ಒರಗಿಸಿ, ಎಡಗಾಲನ್ನು ಮೊದಲು ಇಳಿಸಿ, ಕೈಯೂರಿ, ಹಿಂದಕ್ಕೆ ಕೂತು, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ತಂದೆ. ಒಳಗೆ ಬಿಸಿ ಮೊಳೆ ಹೊಕ್ಕಂತಾಯಿತು. ಇಟ್ಟೆ. ಬೆನ್ನು ನೆಟ್ಟಗೆ ಮಾಡಿದೆ. ಪಂಚೆ ಸರಿಪಡಿಸಿಕೊಂಡೆ. ಹೊಸ ಹತ್ತಿಯ ವಾಸನೆ ಬರುತ್ತಿತ್ತು.

ಅಣ್ಣನ ಮಗ ನನಗೆ ನಮಸ್ಕಾರ ಮಾಡಿದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಅಣ್ಣ ಸ್ಟೂಲಿನಿಂದಲೇ ಕೈ ಮುಗಿದ, ಬಹಳ ಮೇಲಕ್ಕೆ, ಹಣೆಗೆ ತಾಗುವಂತೆ.

"ವರ್ಷ ನಿಂದಾತು," ಅಂದ. "ಈಗ ಮ್ಯಾಲಿನ ಖಾನೆದ್ದು ಹಸರು ಗಂಟು ಇಳಸು, ಬೋಣಿಗಿಗೆ ಬೇಕಾಗ್ತದ."

ಹೊಸ ಯಜಮಾನ ಎದ್ದು ಮೊದಲ ಗಂಟು ಇಳಿಸುವುದು ಪದ್ಧತಿಯೇನೂ ಅಲ್ಲ. ಆದರೆ ಹತ್ತೊಂಬತ್ತು ವರ್ಷ ನಾನೇ ಇಳಿಸಿದ್ದೆ.

"ನೀ ತಗಿ," ಎಂದು ಅವನ ಮಗನಿಗೆ ಹೇಳಿದೆ. ಅವನು ಎದ್ದ, ತೆಗೆದ, ಮೊಣಕಾಲಿನ ಮೇಲೆ ಮೆತ್ತಗೆ ಬಂದು ಇಳಿದ. ಸಪ್ಪಳವೇ ಆಗಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ನನಗೆ ಏಳಲಾಗದು ಎಂದು ಅಷ್ಟರಲ್ಲಿ ಅವನಿಗೆ ತಿಳಿಯಿತು.

ಬೆಳಗಿನ ವ್ಯಾಪಾರ ಜೋರಾಗಿತ್ತು. ಉಡಿ ತುಂಬುವ ಹಸಿರು ಖಣ, ಕೆಂಪು ಖಣ. ನಾನು ಕೂತಲ್ಲಿಂದಲೇ ಹೂಂ ಅಂದೆ, ಉಹೂಂ ಅಂದೆ. ಸೀರೆ ಬೀಸಲು ಹೋದಾಗ ತುದಿ ಮೊಣಕಾಲಿನ ಕೆಳಗೆ ನಿಲ್ಲಲಿಲ್ಲ. ಒತ್ತುವ ಕಾಲೇ ಇರಲಿಲ್ಲ. ಸೆರಗು ಅರ್ಧ ದಾರಿಗೆ ಹೋಗಿ ಮುದ್ದೆಯಾಗಿ ಬಿತ್ತು. ಎದುರಿಗಿದ್ದ ಹೆಂಗಸು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಅಣ್ಣ ಹಿಂದಿನಿಂದ ಬಾಯಿ ಹಾಕುತ್ತಲೇ ಇದ್ದ, ಗಿರಾಕಿಗಳಿಗೆ ಕೇಳುವಂತೆ, ಮರಾಠಿಯಲ್ಲಿ: ಅಕ್ಕಾ, ಮೇಲಿನ ಖಾನೆಯಲ್ಲಿ ಇನ್ನೂ ಒಳ್ಳೆಯದಿದೆ, ನಮ್ಮ ಯಜಮಾನರಿಗೆ ಹೇಳಿ, ಎದ್ದು ತೆಗೆದುಕೊಡುತ್ತಾರೆ. ಹೆಂಗಸರು ನನ್ನ ಮುಖ ನೋಡುವರು. ನಾನು ಅವನ ಮಗನ ಮುಖ ನೋಡುವೆನು. ಅವನು ಏಳುವನು, ಇಳಿಯುವನು.

ಚಹಾ ಬಂತು. ನಾನು ಮುಟ್ಟಲಿಲ್ಲ. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ, ಏಳುವ ಕಾರಣ ಬರಬಾರದೆಂದು.

"ಯಾಕ ಕಾಕಾ, ಚಹಾ ಒಲ್ಲರಿ?"

"ಒಲ್ಲೆ."

"ಉಪಾಸ ಇರಬೇಕು," ಅಂದ ಅಣ್ಣ. "ನವರಾತ್ರಿ ಅಲ್ಲ."

ನಮ್ಮ ಓಣಿಯಲ್ಲಿ ಮಧ್ಯಾಹ್ನ ಎಲ್ಲ ಅಂಗಡಿಗಳೂ ಮುಚ್ಚುತ್ತವೆ. ಊಟ, ಒಂದು ನಿದ್ದೆ, ನಾಲ್ಕಕ್ಕೆ ಮತ್ತೆ ತೆರೆಯುವುದು. ದೇವರು ಗಿರಾಕಿಯಾಗಿ ಬಂದರೂ ಪುಣೆಯ ವ್ಯಾಪಾರಿ ಆ ಹೊತ್ತಿಗೆ ಶಟರ್ ಎತ್ತುವುದಿಲ್ಲ. ಅಂದೂ ಮುಚ್ಚುವ ಹೊತ್ತಾಯಿತು. ಅಣ್ಣನ ಮಗ ನನ್ನ ಚಪ್ಪಲಿ ತಿರುಗಿಸಿ ಇಟ್ಟ.

"ನಾ ಇಲ್ಲೇ ಇರ್ತೀನಿ," ಅಂದೆ. "ಮಾಲು ನೋಡೋದದ. ಶಟರ್ ಅರ್ಧ ಎಳಿ."

"ಅರ್ಧ ಯಾಕ?" ಅಂದ ಅಣ್ಣ ಹೊರಗಿನಿಂದ. "ಗಿರಾಕಿ ನುಗ್ಗತಾರ. ನಿದ್ದಿ ಕೆಡ್ತದ ಪಾಪ. ಪೂರ್ತಿ ಎಳಿಯೋ."

ಮಗ ನನ್ನ ಕಡೆ ನೋಡಿದ. ನಾನು ಮಾಲಿನ ಕಡೆ ಮುಖ ತಿರುಗಿಸಿದೆ. ಶಟರ್ ಪೂರ್ತಿ ಬಂತು. ಬೀಗ ಬಿದ್ದ ಸಪ್ಪಳ, ಅಣ್ಣನ ಕಾಲೆಳೆಯುವ ಸಪ್ಪಳ, ಆಮೇಲೆ ಏನೂ ಇಲ್ಲ. ದೀಪದ ಗುಂಡಿ ಬಾಗಿಲ ಪಕ್ಕ, ಮೇಲೆ. ಅದನ್ನೂ ಅವರು ಆರಿಸಿ ಹೋಗಿದ್ದರು, ರೂಢಿಯಂತೆ. ಆ ರೂಢಿ ನಾನೇ ಹಾಕಿದ್ದು.

ಕತ್ತಲೆಯಲ್ಲಿ ನಾನು ಏಳಲು ನೋಡಿದೆ. ಕಾಲು ಬಿಚ್ಚಲು ಕೈ ಹಾಕಿದರೆ ಅದು ಯಾರದೋ ಕಾಲಿನಂತೆ ಕೂತಿತ್ತು. ಬಿಚ್ಚಿದೆ. ಆಗ ನನ್ನ ಬಾಯಿಂದ ಒಂದು ದನಿ ಬಂತು. ಅಷ್ಟು ತಿಂಗಳು ಆ ಹುಡುಗಿಗೆ ಕೊಡದಿದ್ದ ದನಿ. ಕುಂಡೆಯ ಮೇಲೆ ತೆವಳುತ್ತ ಕಪಾಟಿನ ಕಡೆ ಹೋದೆ. ಹಿಡಿಯಲು ಅಣ್ಣನಿಗೆ ಅಂದು ಸಿಕ್ಕ ಕಪಾಟಿನ ಅಂಚು ಈಗ ಇಲ್ಲ. ಮಾಲಿಗೆ ಧೂಳು ಬರಬಾರದೆಂದು ನಾನೇ ಗಾಜಿನ ಬಾಗಿಲು ಕೂಡಿಸಿದ್ದೇನೆ, ನುಣ್ಣಗೆ. ಕೋಲಿಗೆ ಕೈ ಹಾಕಿದರೆ ಅದು ಗಾಜಿನ ಮೇಲೆ ಜಾರಿ ಅತ್ತ ಬಿತ್ತು. ಎಡಗಾಲಿನ ಮೇಲೆ ಅರ್ಧ ಎದ್ದೆ, ಬಿದ್ದೆ. ಮತ್ತೊಮ್ಮೆ. ತೇಪೆ ಹರಿಯಿತೇನೋ ಅನ್ನಿಸಿ ಬಿಟ್ಟೆ. ಬೀಳುವುದಕ್ಕಿಂತ ಕೂತಿರುವುದು ಮೇಲು. ತೆವಳುತ್ತ ವಾಪಸು ಬಂದು, ನನ್ನ ಜಾಗದಲ್ಲಿ ಕೂತು, ಕಾಲನ್ನು ಎತ್ತಿ ಮಡಚಿ ಒಳಗೆ ಇಟ್ಟುಕೊಂಡೆ.

ನಾಲ್ಕಕ್ಕೆ ಶಟರ್ ಎದ್ದಿತು. ಬೆಳಕಿಗೆ ಕಣ್ಣು ಕಿರಿದಾದವು. ಅಣ್ಣ ಒಳಗೆ ಬಂದು ನನ್ನನ್ನು ನೋಡಲಿಲ್ಲ, ಹಾಸನ್ನು ನೋಡಿದ. ಬೆಳಿಗ್ಗೆ ಅವನ ಮಗ ಸುಕ್ಕಿಲ್ಲದೆ ಎಳೆದಿದ್ದ ಬಿಳಿ ಹಾಸು ನನ್ನ ಜಾಗದಿಂದ ಕಪಾಟಿನವರೆಗೆ, ಕಪಾಟಿನಿಂದ ನನ್ನ ಜಾಗದವರೆಗೆ ಉತ್ತ ಹೊಲದಂತೆ ಆಗಿತ್ತು.

"ಹೆಗ್ಗಣ ಬಂದಿತ್ತೇನು?" ಅಂದ.

ನಾನು ಪಂಚೆ ಸರಿಪಡಿಸಿಕೊಂಡೆ.

"ಭಾಳ ದೊಡ್ಡದು," ಅಂದ. "ಸಿಗಲಿಲ್ಲೇನು ದಾರಿ ಅದಕ್ಕ?"

ಅಣ್ಣನ ಮಗ ಹಾಸಿನ ಸುಕ್ಕು ಬಿಡಿಸುತ್ತ ನನ್ನ ಸುತ್ತ ಬಂದ. ನನ್ನ ಕೆಳಗಿನದನ್ನು ಮಾತ್ರ ಬಿಡಿಸಲಾಗಲಿಲ್ಲ.

*

ಸಂಜೆಯ ಗಿರಾಕಿಗಳು ಮುಗಿದರು. ಖಣದ ಗಂಟುಗಳು ಮೇಲೆ ಹೋದವು. ಮುಚ್ಚುವ ಹೊತ್ತು. ಅಂಗಡಿಯಲ್ಲಿ ಬೆಳಗಿನ ಮೂವರೇ ಉಳಿದೆವು.

ಅಣ್ಣನ ಮಗ ನನ್ನ ಹಿಂದೆ ಬಂದು ಬಗ್ಗಿದ. "ಕಾಕಾ, ಕೈ ಕೊಡ್ರಿ."

"ಎಬ್ಬಸಬ್ಯಾಡ," ಅಂದ ಅಣ್ಣ.

ಮಗನ ಕೈ ಅಲ್ಲೇ ನಿಂತಿತು.

"ಏಳಲಿಕ್ಕೆ ಬರದಾಂವ ಕೂಡಬಾರದು," ಅಂದ ಅಣ್ಣ. ದನಿ ಎತ್ತದೆ, ಅಂಕಿ ಓದುವವನಂತೆ. ಒಂದು ಶಬ್ದ ಹೆಚ್ಚುಕಡಿಮೆ ಇರಲಿಲ್ಲ. ಹತ್ತೊಂಬತ್ತು ವರ್ಷ ಜೋಪಾನ ಮಾಡಿದ್ದ.

ಮಗ ನನ್ನನ್ನು ನೋಡಿದ. ಬೇಕಾದರೆ ನಾನು ಹೂಂ ಅನ್ನಬಹುದಿತ್ತು. ವರ್ಷ ನನ್ನದು, ಅಂಗಡಿಯಲ್ಲಿ ನನ್ನ ಮಾತು ನಡೆಯಬೇಕು.

"ನಿಮ್ಮಪ್ಪ ಹೇಳಿದ್ದು ಬರೋಬ್ಬರಿ ಅದ," ಅಂದೆ. "ಬಾಜೂ ಸರಿ."

ಅವನು ಸರಿದ. ನಾನು ಕಾಲು ಬಿಚ್ಚಿದೆ. ಎಡಕ್ಕೆ ವಾಲಿ ಕೈಯೂರಿದೆ. ಎದ್ದೆ, ಕೂತೆ. ಇನ್ನೊಮ್ಮೆ. ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಹತ್ತಿತು. ಅಣ್ಣ ಸ್ಟೂಲಿನ ಮೇಲಿನಿಂದ ನೋಡುತ್ತಲೇ ಇದ್ದ, ಹಸಿದವನು ಬೇರೆಯವರ ತಾಟು ನೋಡುವಂತೆ. ಮೂರನೆಯ ಸಲ ನಾನು ಬಿದ್ದಾಗ ಅವನು ಗೋಡೆ ಹಿಡಿದು ಎದ್ದು ನಿಂತ. ತನ್ನ ಸ್ಟೂಲನ್ನು ಕಾಲಿನಿಂದ ನೂಕಿದ. ಅದು ಕಿರ್ರೆನ್ನುತ್ತ ಗಾದಿಯ ಅಂಚಿನವರೆಗೆ ಬಂತು.

"ಹಿಡಕೋ," ಅಂದ.

ನಾನು ಅದರ ಮೇಲೆ ಎರಡೂ ಕೈ ಊರಿದೆ. ಎಡಗಾಲು ಗಟ್ಟಿ ಮಾಡಿ ಮೈಯನ್ನು ಮೇಲಕ್ಕೆಳೆದೆ. ಎದ್ದೆ. ಸ್ಟೂಲು ಕೈಯ ಕೆಳಗೇ ಇತ್ತು. ಅದರ ಮೇಲೆ ಕೂಡಲು ಮೈ ತಿರುಗಿಸಿದೆ.

"ಹಿಡಕೋ ಅಂದೆ," ಅಂದ ಅಣ್ಣ. "ಕೂಡಬ್ಯಾಡ. ಅದು ನಂದು."

ಕೂಡಲಿಲ್ಲ. ಅಣ್ಣನ ಮಗ ಬಿದ್ದ ಕೋಲನ್ನು ತಂದುಕೊಟ್ಟ. ಅದನ್ನು ಊರಿ ನಿಂತು ನಾನು ಗಾದಿ ನೋಡಿದೆ. ನಾನು ಕೂತಿದ್ದ ಜಾಗ ಗುಳಿಯಾಗಿತ್ತು. ಒಂದೇ ದಿನಕ್ಕೆ ಹತ್ತಿ ಇಷ್ಟು ತಗ್ಗುವುದು ನಾನು ಕಂಡಿರಲಿಲ್ಲ. ಎದ್ದು ಇಳಿಯುವವನ ಕೆಳಗೆ ಅದು ಉಬ್ಬುತ್ತ ತಗ್ಗುತ್ತ ಇರುತ್ತದೆ, ನಾನು ಕಲ್ಲಿನಂತೆ ಕೂತಿದ್ದೆ. ಇನ್ನು ವರ್ಷವಿಡೀ ಹೀಗೇ ಕೂಡಬೇಕು. ಬೆಳಿಗ್ಗೆ ಕೂಡಿಸಿದಲ್ಲಿ ರಾತ್ರಿಯವರೆಗೆ, ಕತ್ತಲೆಯ ಮಧ್ಯಾಹ್ನಗಳ ಸಹಿತ. ಸಂಜೆ ಅಣ್ಣ ಸ್ಟೂಲು ನೂಕಬೇಕು. ಅವನು ಅದಕ್ಕೆ ತಯಾರಿದ್ದ, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಇಷ್ಟು ವರ್ಷದಲ್ಲಿ ಅವನಿಗೆ ಅಂಗಡಿಗೆ ಬರುವ ಹುರುಪು ಅಷ್ಟು ಎಂದೂ ಇರಲಿಲ್ಲ.

ಏಳಲಿಕ್ಕೆ ಬರದವನು ಕೂಡಬಾರದು. ಅಣ್ಣನ ಕಾಲಿಗೆ ಒಂದು, ನನ್ನ ಕಾಲಿಗೆ ಒಂದು ನಿಯಮ ಇರಲಾರದು.

"ಹಾಸು ತಗಿ," ಎಂದು ಅವನ ಮಗನಿಗೆ ಹೇಳಿದೆ.

"ಯಾಕ ಕಾಕಾ?"

"ತಗಿ. ಗಾದಿ ಎತ್ತು. ಕೆಳಗ ಕಸಾ ಹೊಡಿ. ಮಗಚಿ ಹಾಕು, ಆ ಮಗ್ಗಲು ಮ್ಯಾಲ ಬರ್ಲಿ. ಹೊಸ ಹಾಸು ಇನ್ನೊಂದು ಅದ ಗೂಡಿನಾಗ."

ಅವನಿಗೆ ತಿಳಿಯಲಿಲ್ಲ. ಅಣ್ಣನಿಗೆ ತಿಳಿಯಿತು. ಸ್ಟೂಲಿನ ಕಡೆ ಹೊರಟವನು ನಿಂತುಬಿಟ್ಟ.

"ಪಾಡ್ಯ ಇನ್ನೂ ಅದ," ಅಂದೆ. "ಹೊಸದಾಗಿ ಹಾಸಿದ ಗಾದಿ ಮ್ಯಾಲ ಯಾರು ಮೊದಲು ಕೂಡ್ತಾರೋ ಅವರದು. ದಿನಕ್ಕ ಒಂದ ಸಲ ಹಾಸಬೇಕು ಅಂತ ನಮ್ಮಪ್ಪ ಹೇಳಿಲ್ಲ."

ಅಣ್ಣನ ಮುಖ ಕಹಿಯಾಯಿತು. ಮಗನಿಗೆ ಗಾದಿ ಬರುತ್ತಿದೆ ಎಂಬ ಸಂತೋಷ ಅಲ್ಲಿ ಮೊದಲು ಬರಲಿಲ್ಲ. ಬಂದದ್ದು ಬೇರೆ. ಒಂದು ವರ್ಷದ ತಮಾಷೆ ಕೈ ಬಿಟ್ಟುಹೋಯಿತಲ್ಲ.

"ಈ ಯುಕ್ತಿ ನನ್ನ ಕಾಲು ಹೋದ ಆ ವರ್ಷ ಯಾಕ ಹೊಳೀಲಿಲ್ಲ ನಿನಗ?" ಅಂದ.

"ಆವಾಗ ನನ್ನ ಮಣಕಾಲು ಛಲೋ ಇತ್ತು."

ಅಣ್ಣನ ಮಗ ಗಾದಿ ಎತ್ತಿದ, ಗುಡಿಸಿದ, ಮಗುಚಿ ಹಾಕಿದ. ಹೊಸ ಹಾಸಿನ ಒಂದು ತುದಿಯನ್ನು ನಾನು ಕೋಲಿನಿಂದ ಒತ್ತಿ ಹಿಡಿದೆ, ಇನ್ನೊಂದು ತುದಿಯನ್ನು ಅವನು ಎಳೆದು ಕಟ್ಟಿದ. ಸುಕ್ಕು ಉಳಿಯಲಿಲ್ಲ. "ಕೂಡು," ಅಂದೆ. ಅವನು ಕೂತ, ಕಾಲು ಮಡಚಿ, ಕೈಯೂರದೆ. ಎದ್ದು ತೋರಿಸು ಅಂದೆ. ಎದ್ದ. ಮತ್ತೆ ಕೂತ. ಅಣ್ಣ ತನ್ನ ಸ್ಟೂಲನ್ನು ಎಳೆದುಕೊಂಡು ಹಿಂದಿನ ಜಾಗಕ್ಕೆ ಹೋಗಿ ಕೂತಿದ್ದ. ಕೂತುಕೊಳ್ಳಲು ನನಗೆ ಜಾಗವಿರಲಿಲ್ಲ. ನಿಂತೆ, ಕಪಾಟಿಗೆ ಒರಗಿ.

ಹೊಸ ಯಜಮಾನ ಅಂಗಡಿಯನ್ನು ಬಲದಿಂದ ಎಡಕ್ಕೆ ಒಮ್ಮೆ ನೋಡಿದ. ನನ್ನ ಮೇಲೆ ಕಣ್ಣು ನಿಂತಿತು.

"ಕಾಕಾ, ಆ ಕೋಲು ಒಳಗ ತರಬ್ಯಾಡ್ರಿ," ಅಂದ. "ಅದರ ತುದಿ ಹೊಲಸದ. ಹಾಸಿನ ಮ್ಯಾಲ ಕಲಿ ಬೀಳ್ತದ. ಹೊರಗ ಚಪ್ಪಲಿ ಸಂಗಾಟ ಇಡ್ರಿ."

ಸರಿಯಾದ ಮಾತು. ಮೊದಲ ದಿನವೇ ಹೇಳಿದ. ನಾನು ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಕೋಲನ್ನು ಹೊರಗೆ, ಚಪ್ಪಲಿಗಳ ಸಾಲಿನ ಕೊನೆಯಲ್ಲಿ ಇಟ್ಟೆ, ಸಾಲಿಗೆ ನೇರವಾಗಿ.